ಹದಿಮೂರನೇ ಚಾನೆಲ್‌ನ ನೆರೆಮನೆ

ಪಿಟ್ಸ್‌ಬರ್ಗ್ ಅಂದ ಕೂಡಲೇ ಅಮೆರಿಕದಲ್ಲಿರೋ ನಮ್ಮವರಿಗೆ ನೆನಪಾಗೋದು ಪೆನ್ ಹಿಲ್ಸ್ ಗುಡ್ಡದ ವೆಂಕಟೇಶ್ವರ ದೇವಸ್ಥಾನ, ಆಮೇಲೆ ಅಲ್ಲಿನ ಕ್ಯಾಂಟೀನಿನ ಪುಳಿಯೋಗರೆ. ಐದಾರು ಗಂಟೆ ಕಾರು ಓಡಿಸ್ಕೊಂಡು ಬರೋರಿದ್ದಾರೆ. ದರ್ಶನ, ಊಟ, ಸಂಜೆ ವಾಪಸ್. ನಾವು ಇದೇ ಊರಲ್ಲಿ ಮೂರು ವರ್ಷದಿಂದ ಇದ್ದೀವಿ. ಬಂದ ನೆಂಟರಿಗೆಲ್ಲ ನಾನೂ ಅದೇ ತೋರಿಸ್ತಿದ್ದೆ. ದೇವಸ್ಥಾನ, ಮೂರು ನದಿ ಸೇರೋ ಜಾಗ, ಗುಡ್ಡ ಹತ್ತೋ ಹಳೇ ಕೆಂಪು ಟ್ರಾಲಿ, ಮುಗೀತು. ಫಿಫ್ತ್ ಅವೆನ್ಯೂದಲ್ಲಿರೋ ಒಂದು ಕಾಂಕ್ರೀಟ್ ಕಟ್ಟಡದ ಮುಂದೆ ದಿನಾ ಬಸ್ಸಲ್ಲಿ ಹೋಗ್ತಿದ್ದರೂ ಅದನ್ನು ಯಾರಿಗೂ ತೋರಿಸಬೇಕು ಅಂತ ಅನ್ನಿಸಿರಲಿಲ್ಲ. ಅದನ್ನು ನನಗೆ ತೋರಿಸಿದ್ದು ತಿಪಟೂರಿನಿಂದ ಬಂದ ನಮ್ಮಮ್ಮ.

ಅಪ್ಪನ ವರ್ಷಾಬ್ದಿಕ ಮುಗಿಸಿ, 2025ರ ಮೇ ಕೊನೆಯಲ್ಲಿ ಅಮ್ಮನನ್ನು ಕರಕೊಂಡು ಬಂದೆ. ಆರು ತಿಂಗಳು ಇಲ್ಲಿರಲಿ, ಮೊಮ್ಮಗಳ ಜೊತೆ ಮನಸ್ಸು ಹಗುರಾಗುತ್ತೆ ಅಂತ ನಮ್ಮ ಲೆಕ್ಕ. ಲೆಕ್ಕ ತಪ್ಪಿತು. ನಾನೂ ಹೆಂಡತಿಯೂ ಆಫೀಸಿಗೆ, ನಾಲ್ಕು ವರ್ಷದ ಪುಟ್ಟಿ ಮಧ್ಯಾಹ್ನದವರೆಗೆ ಡೇ ಕೇರ್‌ಗೆ. ಮನೆಗೆ ಬಂದ ಮಗು ಅಜ್ಜಿ ಮಾತಾಡಿಸಿದರೆ ಇಂಗ್ಲಿಷಲ್ಲಿ ಏನೋ ಹೇಳಿ ಸೋಫಾ ಹಿಂದೆ ಓಡೋದು. ಅಮ್ಮ ಎರಡನೇ ವಾರಕ್ಕೇ "ನಿಮ್ಮನೇಲಿ ಗಡಿಯಾರದ ಸದ್ದು ಜಾಸ್ತಿ ಕಣೋ" ಅಂದಳು.

ನಮ್ಮಲ್ಲಿ ಕೇಬಲ್ ಇಲ್ಲ. ದುಬಾರಿ. ಅಮ್ಮನಿಗೆ ಫೋನಿನ ಪರದೆ ಕಣ್ಣಿಗೆ ಆಗಲ್ಲ. ಕೊನೆಗೆ ಕಾಗದದಷ್ಟು ತೆಳ್ಳಗಿರೋ ಒಂದು ಆ್ಯಂಟೆನಾ ತಂದು ಕಿಟಕಿಗೆ ಅಂಟಿಸಿದೆ. ಪೈಸೆ ಕೊಡದೆ ಬರೋ ನಾಲ್ಕಾರು ಚಾನೆಲ್‌ಗಳಲ್ಲಿ ಹದಿಮೂರನೆಯದು ಡಬ್ಲ್ಯು.ಕ್ಯು.ಇ.ಡಿ. ಅಮ್ಮ ಒಂದೆರಡು ದಿನ ಎಲ್ಲಾ ತಿರುಗಿಸಿ ನೋಡಿ ಅಲ್ಲೇ ನಿಂತುಬಿಟ್ಟಳು. "ಇದರಲ್ಲಿ ಯಾರೂ ಕಿರುಚಲ್ಲ" ಅನ್ನೋದು ಅವಳು ಕೊಟ್ಟ ಕಾರಣ.

ಕ್ಯು.ಇ.ಡಿ. ಅಂದರೆ ಎಂಜಿನಿಯರಿಂಗ್ ಓದಿದವರಿಗೆ ಗೊತ್ತು. ಪ್ರಮೇಯ ಸಾಧಿಸಿ ಕೊನೆಗೆ ಬರೀತೀವಲ್ಲ, ಅದೇ ಲ್ಯಾಟಿನ್ ಮುದ್ರೆ. ಅಮೆರಿಕದಲ್ಲಿ ಸಮುದಾಯವೇ ಪ್ರಾಯೋಜಿಸಿದ ಮೊದಲ ಟೀವಿ ಕೇಂದ್ರ ಇದು; 1954ರ ಏಪ್ರಿಲ್ 1ರಂದು ಪ್ರಸಾರ ಶುರುಮಾಡಿತು. ಆಗ ಪಿಟ್ಸ್‌ಬರ್ಗ್ ಉಕ್ಕಿನ ಊರು, ಕುಲುಮೆಯ ಹೊಗೆಯ ಊರು. ದೊಡ್ಡ ಸಂಸ್ಥೆಗಳು ಕೊಟ್ಟ ಹಣದ ಜೊತೆಗೆ ಮನೆಗೆ 2 ಡಾಲರ್‌ನಂತೆ ಸಾಮಾನ್ಯ ಜನರಿಂದಲೂ ಎತ್ತಿದರು. ಇದನ್ನು ಹೇಳಿದಾಗ ಅಮ್ಮ "ಅಂದ್ರೆ ಗಣೇಶನ ಚಂದಾ ಥರಾನೇ!" ಅಂದಳು. ಹೌದು, ಥೇಟ್ ಹಾಗೇ. ಇಂದಿಗೂ ವರ್ಷದಲ್ಲಿ ಕೆಲವು ಸಲ ಕಾರ್ಯಕ್ರಮ ನಿಲ್ಲಿಸಿ, ಊರಿನವರೇ ಯಾರೋ ಬಂದು ನಿಂತು, ನಿಮಗೆ ಇದು ಇಷ್ಟವಾಗಿದ್ದರೆ ಕೈಲಾದಷ್ಟು ಕೊಡಿ ಅಂತ ಕೇಳ್ತಾರೆ. ಕೊಟ್ಟವರಿಗೆ ಒಂದು ಚಹಾ ಲೋಟ, ಒಂದು ಬಟ್ಟೆ ಚೀಲ. ನಡುನಡುವೆ ಸೋಪು, ಇನ್ಶೂರೆನ್ಸ್ ಜಾಹೀರಾತು ನುಗ್ಗಲ್ಲ. ಕೊಡದವರಿಗೂ ಅದೇ ಚಿತ್ರ, ಅದೇ ಸದ್ದು. ನಾನು ಆ ಕೊಡದವರ ಪೈಕಿ ಅಂತ ಇಲ್ಲೇ ಒಪ್ಪಿಕೊಂಡುಬಿಡ್ತೀನಿ.

ಈ ಕೇಂದ್ರವನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಫ್ರೆಡ್ ರಾಜರ್ಸ್ ಅನ್ನೋ ತೆಳ್ಳನೆಯ ಮನುಷ್ಯ. ಪಕ್ಕದ ಲಟ್ರೋಬ್‌ನಲ್ಲಿ 1928ರಲ್ಲಿ ಹುಟ್ಟಿದವರು. ಕೇಂದ್ರ ಶುರುವಾಗೋ ಹಿಂದಿನ ರಾತ್ರಿ ಅದರ ವ್ಯವಸ್ಥಾಪಕಿ ಡೊರೊತಿ ಡೇನಿಯಲ್ ಅವರಿಗೆ ಒಂದು ಹುಲಿಯ ಕೈಗೊಂಬೆ ಉಡುಗೊರೆ ಕೊಟ್ಟರು. ಅವರ ಹೆಸರನ್ನೇ ಗೊಂಬೆಗಿಟ್ಟು ಡೇನಿಯಲ್ ಹುಲಿ ಮಾಡಿದರು ರಾಜರ್ಸ್. ಮೊದಲು 'ಚಿಲ್ಡ್ರನ್ಸ್ ಕಾರ್ನರ್' ಅನ್ನೋ ಕಾರ್ಯಕ್ರಮದಲ್ಲಿ ಪರದೆಯ ಹಿಂದೆ ಕೂತು ಗೊಂಬೆ ಆಡಿಸ್ತಿದ್ದರು. 1968ರಿಂದ 'ಮಿಸ್ಟರ್ ರಾಜರ್ಸ್ ನೇಬರ್‌ಹುಡ್' ದೇಶಾದ್ಯಂತ ಬಂತು, 2001ರವರೆಗೆ ಸುಮಾರು 900 ಕಂತು. ಅದೇ ಹುಲಿಯ ಮಗ 2012ರಿಂದ ಕಾರ್ಟೂನ್ ಆಗಿ ಬರ್ತಿದ್ದಾನೆ. ನಮ್ಮ ಪುಟ್ಟಿ ಆ ಕಾರ್ಟೂನಿನ ಪರಮಭಕ್ತೆ.

ಹಾಗೆ ಅಜ್ಜಿ, ಮೊಮ್ಮಗಳು ಒಂದೇ ಸೋಫಾಗೆ ಬಂದರು. ಹುಲಿಮರಿ ಅಲ್ಲಿ ದೊಡ್ಡ ಸಾಹಸ ಏನೂ ಮಾಡಲ್ಲ. ಹಲ್ಲುಜ್ಜುತ್ತೆ, ಗೊಂಬೆಗೆ ಜಗಳ ಆಡುತ್ತೆ, ಸಿಟ್ಟು ಬಂದರೆ ಏನು ಮಾಡಬೇಕು ಅಂತ ಕಲಿಯುತ್ತೆ. "ಏನಂತೆ ಅದಕ್ಕೆ?" ಅಂತ ಅಮ್ಮ ಕೇಳೋದು, ಪುಟ್ಟಿ ತನಗೆ ಬಂದಷ್ಟು ಕನ್ನಡದಲ್ಲಿ ಹೇಳೋದು. ನಾವಿಬ್ಬರೂ ಎರಡು ವರ್ಷ ತಿಣುಕಾಡಿ ಕಲಿಸಿದ್ದಕ್ಕಿಂತ ಹೆಚ್ಚು ಕನ್ನಡ ಆ ಜೂನ್ ತಿಂಗಳಲ್ಲಿ ಮಗು ಕಲಿತಳು.

ಹಳೇ ರಾಜರ್ಸ್ ಕಂತುಗಳು ಅಂತರ್ಜಾಲದಲ್ಲಿ ಸಿಗುತ್ತವೆ ಅಂತ ಗೊತ್ತಾಗಿ ಒಂದು ಶನಿವಾರ ಹಾಕಿದೆ. ಪ್ರತಿ ಕಂತಿನ ಶುರುವಿನಲ್ಲೂ ಆತ ಹೊರಗಿನಿಂದ ಮನೆಯೊಳಗೆ ಬರ್ತಾನೆ, ಕೋಟು ತೆಗೆದು ಸ್ವೆಟರ್ ಹಾಕಿಕೊಳ್ತಾನೆ, ಬೂಟು ಬಿಚ್ಚುತ್ತಾನೆ. ಅಮ್ಮನಿಗೆ ಬಹಳ ಸಂತೋಷವಾಯಿತು. "ನೋಡು, ಮನೇಗೆ ಬಂದ್ರೆ ಚಪ್ಪಲಿ ಬಿಡಬೇಕು ಅಂತ ಗೊತ್ತು ಇವನಿಗೆ." ಮರುಕ್ಷಣ ಆತ ಇನ್ನೊಂದು ಜೊತೆ ಬಟ್ಟೆ ಬೂಟು ಹಾಕಿಕೊಂಡ. "ಅಯ್ಯೋ, ಒಳಗೆ ಮತ್ತೆ ಯಾಕೋ?" ಆ ಸ್ವೆಟರುಗಳನ್ನು ಹೆಣೆದಿದ್ದು ಅವರ ತಾಯಿ ಅಂತ ಹೇಳಿದ ಮೇಲೆ ಬೂಟಿನ ತಪ್ಪು ಮಾಫಿಯಾಯಿತು.

ಆತ ಎಷ್ಟು ನಿಧಾನ ಅಂದರೆ, ಕೆಲಸದಲ್ಲಿ ವಿಡಿಯೋಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡೋ ನನಗೆ ಮೊದಮೊದಲು ಕೈ ತುರಿಸ್ತಿತ್ತು. ಆದರೆ ಇಂಗ್ಲಿಷ್ ಅರ್ಧಂಬರ್ಧ ಬರೋ ಅಮ್ಮನಿಗೆ ಆ ನಿಧಾನವೇ ಮೆಟ್ಟಿಲಾಯಿತು. ಮೀನಿಗೆ ಆಹಾರ ಹಾಕುವಾಗ ಆತ ಬಾಯಿಬಿಟ್ಟು, ಈಗ ಮೀನಿಗೆ ಊಟ ಹಾಕ್ತಿದೀನಿ ಅಂತ ಹೇಳ್ತಾರೆ. ಯಾಕೆ ಗೊತ್ತಾ? ಕಣ್ಣು ಕಾಣದ ಒಬ್ಬ ಪುಟ್ಟ ಹುಡುಗಿ, ಮೀನು ಉಪವಾಸ ಇದೆಯೇನೋ ಅಂತ ತನಗೆ ಚಿಂತೆಯಾಗುತ್ತೆ, ದಯವಿಟ್ಟು ಹೇಳಿ ಅಂತ ಕಾಗದ ಬರೆಸಿದ್ದಳಂತೆ. ಅಲ್ಲಿಂದ ಹೇಳತೊಡಗಿದರು. ಸಾಫ್ಟ್‌ವೇರಿನಲ್ಲಿ ನಾವು ಇದಕ್ಕೆಲ್ಲ ಸಭೆ ಕರೀತೀವಿ, ಮೂರು ತಿಂಗಳು ಮುಂದೂಡ್ತೀವಿ.

ಆ ಮೀನಿನದೇ ಇನ್ನೊಂದು ಕಂತು, 1970ರದ್ದು. ತೊಟ್ಟಿಯಲ್ಲಿ ಒಂದು ಮೀನು ಸತ್ತಿರುತ್ತೆ. ಆತ ಅದನ್ನು ಎತ್ತಿ ಉಪ್ಪುನೀರಿನಲ್ಲಿಟ್ಟು ನೋಡ್ತಾರೆ, ಬದುಕಲ್ಲ. ಅಂಗಳದಲ್ಲಿ ಗುಂಡಿ ತೋಡಿ ಮಣ್ಣು ಮಾಡ್ತಾರೆ. ಚಿಕ್ಕಂದಿನಲ್ಲಿ ತನ್ನ ನಾಯಿ ಸತ್ತಾಗ ಎಷ್ಟು ಅತ್ತೆ ಅಂತ ಹೇಳ್ತಾರೆ. ಗೊತ್ತಿದ್ದು ಹಾಕಿದ ಕಂತಲ್ಲ. ತಾನಾಗೇ ಮುಂದಿನದು ಅಂತ ಬಂತು. ನನಗೆ ನಿಲ್ಲಿಸಬೇಕು ಅನ್ನಿಸಿತು. ಯಾಕೆಂದರೆ ತಾತ ಎಲ್ಲಿ ಅಂತ ಪುಟ್ಟಿ ಕೇಳಿದಾಗೆಲ್ಲ ನಾವು "ನಕ್ಷತ್ರ ಆಗಿದ್ದಾರೆ" ಅಂತಲೋ "ಊರಲ್ಲಿದ್ದಾರೆ" ಅಂತಲೋ ತೇಲಿಸಿದ್ದೆವು. ಅಮ್ಮನ ಎದುರು ಅಪ್ಪನ ಮಾತೇ ಎತ್ತುತ್ತಿರಲಿಲ್ಲ. ಎತ್ತಿದರೆ ಅಳ್ತಾಳೆ ಅಂತ.

ಪುಟ್ಟಿ ಅಜ್ಜಿ ಕಡೆ ತಿರುಗಿ, "ಅಜ್ಜೀ, ತಾತನ್ನೂ ಹಿಂಗೇ ಮಾಡಿದ್ರಾ?" ಅಂದಳು.

ನಾನು ಬಾಯಿ ತೆರೆಯೋಷ್ಟರಲ್ಲಿ ಅಮ್ಮ ಹೇಳತೊಡಗಿದ್ದಳು. ಇಲ್ಲ ಮಗಾ, ನಮ್ಮಲ್ಲಿ ಹೂಳಲ್ಲ. ತಾತಂಗೆ ಕಾಯಿಲೆ ಜೋರಾಯ್ತು, ಉಸಿರು ನಿಂತೋಯ್ತು. ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಬೆಂಕಿಗೆ ಕೊಟ್ವಿ. ಬೂದಿ ತಗೊಂಡ್ಹೋಗಿ ಶ್ರೀರಂಗಪಟ್ಟಣದ ಹತ್ರ ಹೊಳೇಲಿ ಬಿಟ್ವಿ, ನಿಮ್ಮಪ್ಪನೇ ಬಿಟ್ಟಿದ್ದು. ಪುಟ್ಟಿ ಕೇಳಿದಳು, ನೀನು ಅತ್ತೆಯಾ? ಅತ್ತೆ, ಈಗಲೂ ಬರುತ್ತೆ. ಅಜ್ಜಿ ಅತ್ತಳು, ಮಗು ಆಚೆ ಹೋಗಿ ತನ್ನ ಹುಲಿ ಗೊಂಬೆ ತಂದುಕೊಟ್ಟಳು. ಅಷ್ಟೇ ನಡೆದದ್ದು. ರಾತ್ರಿ ಊಟಕ್ಕೆ ಅಮ್ಮ ಅಪ್ಪನಿಗಿಷ್ಟ ಅಂತ ಹುರುಳಿಕಾಳು ಬಸ್ಸಾರು ಮಾಡಿದಳು, ಇಲ್ಲಿಗೆ ಬಂದ ಮೇಲೆ ಮೊದಲ ಸಲ.

ಮುಂದಿನ ಭಾನುವಾರ ಅಮ್ಮನಿಗೆ "ಆ ಸ್ವೆಟರ್ ಮನುಷ್ಯನ ಆಫೀಸು" ನೋಡಬೇಕಾಯಿತು. ನೀವೂ ಪಿಟ್ಸ್‌ಬರ್ಗ್‌ಗೆ ಬಂದರೆ ಈ ಸುತ್ತು ಹಾಕಬಹುದು, ಒಂದು ದಿನ ಸಾಕು. ಓಕ್ಲೆಂಡ್ ಭಾಗದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಹತ್ತಿರ, ಫಿಫ್ತ್ ಅವೆನ್ಯೂ 4802. ಕಟ್ಟಡ ಚೆಂದವೇನಲ್ಲ, ನಮ್ಮ ಕಡೆ ವಿದ್ಯುತ್ ಮಂಡಳಿ ಕಚೇರಿ ಇದ್ದ ಹಾಗಿದೆ. ಇಲ್ಲಿಂದಲೇ ಶಾಸ್ತ್ರೀಯ ಸಂಗೀತದ ರೇಡಿಯೋ ಕೂಡ ಬರುತ್ತೆ. ಮುಂದೆ ಬ್ಯಾಟ್‌ಮನ್ ಆದ ಮೈಕಲ್ ಕೀಟನ್ ಹುಡುಗನಾಗಿದ್ದಾಗ ಈ ಸ್ಟುಡಿಯೋದಲ್ಲಿ ಸೆಟ್ ಸಾಮಾನು ಹೊರ್ತಿದ್ದನಂತೆ. ಭಾನುವಾರವಾದ್ದರಿಂದ ನಾವು ಹೊರಗಿಂದಲೇ ನೋಡಿ ಬಂದೆವು.

ಒಳಗಿನ ವೈಭವ ಬೇಕಿದ್ದರೆ ಸ್ಟ್ರಿಪ್ ಡಿಸ್ಟ್ರಿಕ್ಟ್‌ನ ಹೈಂಜ್ ಇತಿಹಾಸ ಕೇಂದ್ರಕ್ಕೆ ಹೋಗಿ. ರಾಜನ ಕೋಟೆ, ದೊಡ್ಡ ಓಕ್ ಮರ, ಆತ ಬೂಟು ಬದಲಾಯಿಸ್ತಿದ್ದ ಕೋಣೆ, ಮೂಲ ಸಾಮಾನುಗಳು ಅಲ್ಲಿವೆ. ಹತ್ತಿರದಿಂದ ನೋಡಿದರೆ ಎಲ್ಲ ಹಲಗೆ, ಬಣ್ಣ, ಬಟ್ಟೆ. ನಮ್ಮೂರ ಹವ್ಯಾಸಿ ನಾಟಕದವರು ಮಾಡೋ ಸೆಟ್ಟಿಗಿಂತ ಭಾರಿ ಏನಲ್ಲ. ಅಲ್ಲಿ ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕಿ ಅಮ್ಮನ ಕೈ ಹಿಡಿದು ಏನೇನೋ ಹೇಳಿದರು. ಅವರ ಗಂಡ ಉಕ್ಕಿನ ಕಾರ್ಖಾನೆಯವರು. ಇದೇ ಚಾನೆಲ್‌ನಲ್ಲಿ ರಿಕ್ ಸೆಬಾಕ್ ಅನ್ನೋರು 1990ರಲ್ಲಿ ಊರಿನಿಂದ ಮಾಯವಾದದ್ದರ ಬಗ್ಗೆಯೇ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ, ಮುಚ್ಚಿದ ಉದ್ಯಾನ, ಕೆಡವಿದ ಆಟದ ಮೈದಾನ ಎಲ್ಲ. ಅದು ಬಂದಾಗೆಲ್ಲ ಗಂಡ ಹೆಂಡತಿ ಕೂತು ನೋಡ್ತಿದ್ದರಂತೆ. ಈಗ ಒಬ್ಬರೇ ನೋಡ್ತಾರಂತೆ. ಅಮ್ಮನಿಗೆ ಮಾತಿನ ಕಾಲುಭಾಗವೂ ತಿಳಿದಿರಲಿಕ್ಕಿಲ್ಲ. ಆದರೆ "ಒಬ್ಬರೇ" ಅನ್ನೋದು ತಿಳಿಯಿತು.

ಕೊನೆಗೆ ನಾರ್ತ್ ಶೋರ್. ಕೆಡವಿದ ಹಳೇ ಸೇತುವೆಯ ಕಲ್ಲಿನ ಕಂಬದ ಕಮಾನಿನೊಳಗೆ ರಾಜರ್ಸ್ ಅವರ ಕಂಚಿನ ಪ್ರತಿಮೆ, ಕೂತು ಬೂಟಿನ ದಾರ ಕಟ್ಟುತ್ತಿರೋದು. ಎದುರಿಗೇ ಅಲ್ಲೆಗೆನಿ, ಮೊನಾಂಗಹೇಲಾ ಸೇರಿ ಒಹಾಯೋ ಆಗೋ ಜಾಗ. "ಸಂಗಮ" ಅಂತ ಅಮ್ಮ ಕೈಮುಗಿದಳು. ಪುಟ್ಟಿ, ಈ ನೀರು ತಾತನ ನೀರಿಗೆ ಹೋಗುತ್ತಾ ಅಂತ ಕೇಳಿದಳು. "ಸಮುದ್ರಕ್ಕೆ ಹೋಗುತ್ತೆ, ಅದೂ ಸಮುದ್ರಕ್ಕೇ ಹೋಗುತ್ತೆ" ಅಂದಳು ಅಮ್ಮ. ಭೂಗೋಳದ ಪ್ರಕಾರ ತಪ್ಪಿಲ್ಲ.

ಜುಲೈ ಕೊನೆಗೆ ಸುದ್ದಿ ಬಂತು. ಸಾರ್ವಜನಿಕ ಟೀವಿ, ರೇಡಿಯೋ ಕೇಂದ್ರಗಳಿಗೆ ಎರಡು ವರ್ಷಕ್ಕೆ ಅಂತ ಮೊದಲೇ ಒಪ್ಪಿದ್ದ ಸುಮಾರು 110 ಕೋಟಿ ಡಾಲರ್ ಒಕ್ಕೂಟ ಸರ್ಕಾರದ ಹಣವನ್ನು ಸಂಸತ್ತು ವಾಪಸ್ ಪಡೆಯಿತು. ಆ ಹಣ ಹಂಚಲು 1967ರ ಕಾಯ್ದೆಯಡಿ ಹುಟ್ಟಿದ ನಿಗಮ ಬಾಗಿಲು ಹಾಕ್ತೀವಿ ಅಂತ ಆಗಸ್ಟ್ 1ರಂದು ಹೇಳಿತು. ದೊಡ್ಡ ಊರಿನ ಕೇಂದ್ರಗಳಿಗೆ ದಾನಿಗಳಿದ್ದಾರೆ, ಹೇಗೋ ಎದ್ದು ನಿಲ್ಲಬಹುದು. ಹಳ್ಳಿಗಾಡಿನ ಕೇಂದ್ರಗಳ ಖರ್ಚಿನಲ್ಲಿ ಈ ಹಣದ ಪಾಲೇ ದೊಡ್ಡದು. 1969ರಲ್ಲೂ ಹೀಗೇ ಕತ್ತರಿ ಬೀಳೋದಿತ್ತು. ಆಗ ಫ್ರೆಡ್ ರಾಜರ್ಸ್ ಸೆನೆಟ್ ಸಮಿತಿ ಮುಂದೆ ಆರೇಳು ನಿಮಿಷ, ಅದೇ ನಿಧಾನದಲ್ಲಿ, ಮಕ್ಕಳ ಸಿಟ್ಟಿನ ಬಗ್ಗೆ, ಅದನ್ನು ಹೇಳಿಕೊಳ್ಳೋಕೆ ಕಲಿಸೋದರ ಬಗ್ಗೆ ಮಾತಾಡಿದರು. ಗಡಸು ಅಂತ ಹೆಸರಾಗಿದ್ದ ಅಧ್ಯಕ್ಷ ಪಾಸ್ಟೋರ್, ನಿಮಗೆ 2 ಕೋಟಿ ಡಾಲರ್ ಸಿಕ್ಕಿದ ಹಾಗೇ ಅನ್ನೋ ಅರ್ಥದಲ್ಲಿ ಹೇಳಿಬಿಟ್ಟರು. ಆ ವಿಡಿಯೋ ನೋಡಿ, ಸಿಕ್ಕಿದರೆ. ಈ ಸಲ ಹಾಗೆ ಮಾತಾಡೋಕೆ ಅವರಿಲ್ಲ, 2003ರಲ್ಲೇ ತೀರಿಕೊಂಡರು. ಇದ್ದಿದ್ದರೂ ಕೇಳುವವರು ಇರ್ತಿದ್ದರಾ ಅನ್ನೋದು ನನ್ನ ಅನುಮಾನ.

ಅಮ್ಮನಿಗೆ ಇದನ್ನು ವಿವರಿಸೋದು ಕಷ್ಟವಾಗಲಿಲ್ಲ. ತಿಪಟೂರಿನಲ್ಲಿ ಅವಳ ಸಂಜೆಗೆ ಚಂದನವೇ ಸಂಗಾತಿ, ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ತಪ್ಪಿಸೋಳಲ್ಲ. ಸರಿಯುತ್ತರ ಕೊಟ್ಟರೆ ಪುಸ್ತಕ ಕೊಡ್ತಾರಲ್ಲ, ಅದು ಅವಳಿಗೆ ಬಹಳ ಮೆಚ್ಚು. ಚಂದನ ಸರ್ಕಾರದ ದುಡ್ಡಲ್ಲಿ ನಡೆಯುತ್ತೆ, ಚಂದಾ ಕೇಳಲ್ಲ. ಹಾಗಾಗಿ ಅದು ನಮ್ಮದು ಅಂತ ನಮಗೆ ನೆನಪಾಗೋದೂ ಇಲ್ಲ. ಅವಳ ಅಪ್ಪ ಮಾತ್ರ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟಿ ಬರ್ತಿದ್ದರಂತೆ.

"ನೀನು ಇವರಿಗೆ ಚಂದಾ ಕೊಟ್ಟಿದೀಯೇನೋ?"

"ಇಲ್ಲಮ್ಮ."

"ಮೂರು ವರ್ಷದಿಂದ ಪುಕ್ಕಟೆ ನೋಡಿಸ್ತಿದೀಯಾ ಮಗೂಗೆ?"

ಅವತ್ತೇ ರಾತ್ರಿ ತಿಂಗಳಿಗೆ 5 ಡಾಲರ್‌ನಂತೆ ಸದಸ್ಯನಾದೆ. ಇಲ್ಲಿ ಒಂದು ಕಾಫಿ, ಒಂದು ಬನ್ನಿನ ದುಡ್ಡು. ಹೆಸರಿನ ಜಾಗದಲ್ಲಿ ಅಮ್ಮ ಅಪ್ಪನ ಹೆಸರು ಹಾಕಿಸಿದಳು. ಹಾಗಾಗಿ ಕೃತಜ್ಞತೆಯ ಕಾಗದಗಳೆಲ್ಲ ನಮ್ಮನೆಗೆ ಅಪ್ಪನ ಹೆಸರಲ್ಲೇ ಬರ್ತಿವೆ. ಮೊದಲನೇ ಸಲ ಲಕೋಟೆ ನೋಡಿ ಎದೆ ಧಸಕ್ಕೆಂದಿತು, ಈಗ ರೂಢಿಯಾಗಿದೆ.

ಬಟ್ಟೆ ಚೀಲ ನವೆಂಬರಿನಲ್ಲಿ ಅಮ್ಮನ ಜೊತೆ ಊರಿಗೆ ಹೋಯಿತು. ಹೋದ ವಾರ ವಿಡಿಯೋ ಕಾಲ್ ಮಾಡಿದಾಗ ಅಡುಗೆಮನೆ ಬಾಗಿಲ ಮೊಳೆಗೆ ನೇತು ಹಾಕಿದ್ದಳು, ಒಳಗಿಂದ ಸೋರೆಕಾಯಿ ಇಣುಕ್ತಿತ್ತು. ಸಂತೆಯಲ್ಲಿ ತರಕಾರಿಯವನು ಇದು ಯಾವ ಬಟ್ಟೆ ಅಂಗಡೀದಮ್ಮಾ ಅಂತ ಕೇಳಿದನಂತೆ. "ಟೀವಿ ಅಂಗಡೀದು" ಅಂದಳಂತೆ.