ಹಿಮ್ಮಡಿಯ ಅಳಲು

ಮೈಯ ಭಾರವನ್ನೆಲ್ಲ ಹೊರುವ ಹಿಮ್ಮಡಿಯ ನೆನಪು ನಮಗಾಗುವುದು ಅದು ಮುನಿದಾಗ ಮಾತ್ರ. ತಲೆನೋವು, ಬೆನ್ನುನೋವುಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇದಕ್ಕಿಲ್ಲ. "ನಾಲ್ಕು ಹೆಜ್ಜೆ ನಡೆದರೆ ಹೋಗುತ್ತದೆ ಬಿಡಿ" ಎನ್ನುತ್ತೇವೆ. ಹಾಗೆ ತುಸು ಹೋಗುವುದೂ ನಿಜವೇ! ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೆ ಮೊಳೆ ಹೊಡೆದಂತಾಗುವುದು, ಆಮೇಲೆ ತಗ್ಗುವುದು, ದಿನವೆಲ್ಲ ನಿಂತರೆ ಸಂಜೆಗೆ ಮತ್ತೆ ಹಾಜರಾಗುವುದು, ಇದೇ ಅದರ ಸ್ವಭಾವ.

ಮುಂಬಯಿಯ ನಾವಾದರೋ ನಿಂತೇ ಬಾಳುವ ಜನ. ಲೋಕಲ್ ಗಾಡಿಯಲ್ಲಿ ನಿಲ್ಲುತ್ತೇವೆ. ನಮ್ಮವರ ಹೋಟೆಲುಗಳಲ್ಲಿ ಹುಡುಗರು ದೋಸೆಕಲ್ಲಿನ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಅಡಿಗೆಮನೆಯಲ್ಲಿ ಹೆಂಗಸರು ಟೈಲ್ಸಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾರೆ. ಊರಿನ ಸೆಗಣಿ ಸಾರಿಸಿದ ಮಣ್ಣಿನ ನೆಲದ ಹದ ಇಲ್ಲಿ ಎಲ್ಲಿಂದ ಬರಬೇಕು?

ನಮ್ಮ ಮನೆಯಾಕೆಗೆ ಈ ನೋವು ಬಂದಾಗ ಎಕ್ಸ್-ರೇ ತೆಗೆಸಿದೆವು. ಹಿಮ್ಮಡಿಯ ಮೂಳೆಯಿಂದ ಕೊಕ್ಕಿನಂತೆ ಚಾಚಿದ ಮುಳ್ಳೊಂದು ಕಾಣಿಸಿತು. ನೋಡಿದವರೆಲ್ಲ "ಕತ್ತರಿಸಿಯೇ ತೆಗೆಸಬೇಕು" ಎಂದರು. "ನಾನು ಮಲಗಿದರೆ ಮನೆ ನಡೆಸುವವರು ಯಾರು?" ಎಂದು ಆಕೆ ಎರಡು ರಾತ್ರಿ ನಿದ್ದೆಗೆಟ್ಟಳು. ಮೂಳೆತಜ್ಞರು ಮಾತ್ರ ನಕ್ಕರು. ಮುಳ್ಳಿದ್ದೂ ನೋವೇ ಇಲ್ಲದವರು ಬಹಳ, ನೋವಿದ್ದೂ ಮುಳ್ಳಿಲ್ಲದವರೂ ಬಹಳ ಎಂದರು. ನಿಜವಾಗಿ ನೊಂದಿರುವುದು ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದಿರುವ 'ಪ್ಲಾಂಟರ್ ಫ್ಯಾಸಿಯಾ' ಎಂಬ ದಪ್ಪ ಪಟ್ಟಿ. ರಾತ್ರಿ ಅದು ಸಡಿಲಾಗಿ ಕುಗ್ಗಿರುತ್ತದೆ. ಬೆಳಿಗ್ಗೆ ಮೊದಲ ಹೆಜ್ಜೆ ಊರಿದೊಡನೆ ಜಗ್ಗಿ, ನೊಂದ ಜಾಗವೇ ಮತ್ತೆ ನೋಯುತ್ತದೆ.

ಮದ್ದು ಸರಳ, ಬೇಕಾದದ್ದು ತಾಳ್ಮೆ. ಹಾಸಿಗೆ ಬಿಡುವ ಮೊದಲೇ ನೊಂದ ಪಾದವನ್ನು ಇನ್ನೊಂದು ಮೊಣಕಾಲ ಮೇಲಿಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು 10 ಎಣಿಸುವವರೆಗೆ ಹಿಡಿಯಬೇಕು. ಹೀಗೆ 10 ಸಲ. ಗೋಡೆಗೆ ಕೈಯೂರಿ, ಹಿಮ್ಮಡಿ ನೆಲ ಬಿಡದಂತೆ ಮೀನಖಂಡವನ್ನೂ ಎಳೆಯಬೇಕು. ಮಂಜುಗಟ್ಟಿದ ನೀರಿನ ಬಾಟಲಿಯ ಮೇಲೆ ಅಂಗಾಲನ್ನು ಉರುಳಿಸಿದರೆ ಹಿತ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಬೇಕು. ದೇವರ ಕೋಣೆಯ ಹೊರಗೆ ಬಿಟ್ಟರೆ ಮಡಿಗೂ ಭಂಗವಿಲ್ಲ! ಹೆಚ್ಚಿನವರಿಗೆ ಇಷ್ಟರಿಂದಲೇ ಗುಣವಾಗುತ್ತದೆ, ಆದರೆ ಕೆಲವು ತಿಂಗಳು, ಒಮ್ಮೊಮ್ಮೆ ವರ್ಷವೇ ಹಿಡಿಯಬಹುದು. ಸ್ಟೀರಾಯ್ಡ್ ಚುಚ್ಚುಮದ್ದು ಬೇಗ ನೋವಿಳಿಸೀತು. ಪದೇ ಪದೇ ಚುಚ್ಚಿಸಿಕೊಂಡರೆ ಆ ಪಟ್ಟಿಯೇ ಹರಿಯುವ ಭಯವಿದೆ. ಶಸ್ತ್ರಕ್ರಿಯೆ ತೀರ ಕೊನೆಯ ಮಾತು.

ಆದರೆ ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಜ್ವರ, ಊತ, ಜೋಮು ಇದ್ದರೆ, ಮಲಗಿದಾಗಲೂ ನೋವು ಬಿಡದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಂತೂ ಪಾದದ ವಿಷಯದಲ್ಲಿ ಉದಾಸೀನ ಮಾಡಲೇಬಾರದು.

ನಮ್ಮ ಮನೆಯಾಕೆ ಏಳು ತಿಂಗಳಲ್ಲಿ ಸರಿಹೋದಳು. ಆದರೆ ದೋಸೆಕಲ್ಲಿನ ಮುಂದೆ ನಿಂತ ಹುಡುಗನಿಗೆ ನೋವೆಂದರೆ ಕೂಲಿಯ ಚಿಂತೆ, ಅವನು ಬಾಯಿಬಿಡುವುದಿಲ್ಲ. ಹೋಟೆಲು ನಡೆಸುವ ನಮ್ಮ ಬಂಧುಗಳು ಅವನ ಕಾಲಡಿಗೊಂದು ರಬ್ಬರ್ ಚಾಪೆ, ನಡುನಡುವೆ ಕೂರಲೊಂದು ಸ್ಟೂಲು ಕೊಟ್ಟರೆ ದೊಡ್ಡ ಖರ್ಚೇನೂ ಆಗದು. ನಮ್ಮ ಊಟ ತಿಂಡಿಯೆಲ್ಲ ನಿಂತಿರುವುದು ಆ ಕಾಲುಗಳ ಮೇಲೆಯೇ ಅಲ್ಲವೇ?