ರೈಲೋ, ಕಾರೋ?

ಇಟಲಿಗೆ ಹೋಗಿಬರುವುದೆಂದು ಆ ದಂಪತಿಗಳು ನಿಶ್ಚಯಿಸಿದುದು ಶ್ರಾವಣದ ಒಂದು ಸಂಜೆ. ಇಟಲಿಯೊಳಗೆ ಹೇಗೆ ತಿರುಗಾಡುವುದೆಂಬುದು ಮಾತ್ರ ದೀಪಾವಳಿ ಕಳೆದರೂ ನಿಶ್ಚಯವಾಗಲಿಲ್ಲ. ರಾಯರಿಗೆ ಬಾಡಿಗೆಯ ಕಾರು ಬೇಕು. ಅವರ ಪತ್ನಿಗೆ ರೈಲು ಬೇಕು. ಮೂವತ್ತನಾಲ್ಕು ವರ್ಷಗಳ ದಾಂಪತ್ಯದಲ್ಲಿ ಮಗಳ ಮದುವೆ, ಮನೆಯ ಸಾಲ, ವೃದ್ಧರಾದ ತಂದೆತಾಯಿಗಳ ಆರೈಕೆ ಮೊದಲಾದ ಗಹನ ವಿಷಯಗಳಲ್ಲಿ ಒಂದೇ ಮಾತಿನಂತೆ ನಡೆದಿದ್ದ ಆ ಇಬ್ಬರು, ತಾವು ಇನ್ನೂ ಕಣ್ಣಿನಿಂದ ಕಾಣದ ದೇಶವೊಂದರ ರಸ್ತೆಯ ವಿಷಯದಲ್ಲಿ ಪ್ರತಿರಾತ್ರಿ ಊಟವಾದ ಮೇಲೆ ವ್ಯಾಜ್ಯ ಹೂಡತೊಡಗಿದರು.

ಇಷ್ಟು ದೇಶಗಳಿರುವಾಗ ಇಟಲಿಯೇ ಏಕೆಂಬುದಕ್ಕೆ ಕಾರಣವಿತ್ತು. ರಾಯರ ಹುಟ್ಟೂರು ಸಾಗರದ ಸಮೀಪ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಅಂಗಳದಲ್ಲಿ ಆಡಿ ಬೆಳೆದವರು ಅವರು. 1623ರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲ ವಾಲೆ ಎಂಬ ಪ್ರವಾಸಿಯು ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆಗೂಡಿ, ವೆಂಕಟಪ್ಪ ನಾಯಕನ ರಾಜಧಾನಿಯಾಗಿದ್ದ ಆ ಇಕ್ಕೇರಿಗೆ ಬಂದಿದ್ದ. ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ಹುಡುಗರು ಮರಳು ಹರಡಿ, ಬೆರಳಿನಿಂದ ಬರೆಯುತ್ತ ಲೆಕ್ಕ ಕಲಿಯುತ್ತಿದ್ದುದನ್ನೂ ತನ್ನ ಪತ್ರಗಳಲ್ಲಿ ಬಿಡದೆ ವರ್ಣಿಸಿದ. ರಾಯರು ಮೆಚ್ಚಿದುದು ಈ ಹುಡುಗರ ಪ್ರಸಂಗವನ್ನು. ಅವರ ಪತ್ನಿಯ ಮನಸ್ಸನ್ನು ಹಿಡಿದುದು ಇನ್ನೊಂದು. ಬಾಗ್ದಾದಿನಲ್ಲಿ ಆತ ಮದುವೆಯಾಗಿದ್ದ ಸಿತ್ತಿ ಮಾನಿಯು 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟುಬರಲು ಆತನಿಂದಾಗಲಿಲ್ಲ. ದೇಹವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿರಿಸಿ, ಕಡಲು ಮರುಭೂಮಿಗಳನ್ನು ದಾಟಿಸಿ, ಕೊನೆಗೆ ರೋಮಿನ ಅರಾಚೇಲಿ ಚರ್ಚಿನಲ್ಲಿ ಸಮಾಧಿ ಮಾಡಿದ.

“ನಮ್ಮೂರಿಗೆ ಬಂದವನ ಊರಿಗೆ ನಾವೂ ಒಮ್ಮೆ ಹೋಗಿಬರಬೇಕು” ಎಂದು ಆಕೆ ಹೇಳುತ್ತ ಬಂದು ಇಪ್ಪತ್ತು ವರ್ಷಗಳಾಗಿದ್ದುವು. ರಾಯರಿಗೆ ನಿವೃತ್ತಿಯಾಯಿತು, ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ಈ ಬಾಬಿಗೆಂದು ಬೇರೆ ಎತ್ತಿಟ್ಟದ್ದೂ ಆಯಿತು. ಮೇ ತಿಂಗಳಲ್ಲಿ ಹದಿನಾಲ್ಕು ದಿನಗಳ ಪ್ರವಾಸವೆಂದು ಗೊತ್ತಾಯಿತು. ಉಳಿದದ್ದು ವಾಹನದ ಪ್ರಶ್ನೆ.

ರಾಯರ ವಾದ ಹೀಗಿತ್ತು. ಬೆಂಗಳೂರಿನಿಂದ ಸಾಗರಕ್ಕೆ 350 ಕಿಲೋಮೀಟರಿನಷ್ಟು ದಾರಿಯನ್ನು ಮಳೆಗಾಲ ಬೇಸಗೆಯೆನ್ನದೆ ತಾವೇ ಕಾರು ನಡೆಸಿಕೊಂಡು ಹೋಗಿಬಂದವರಿಗೆ ಇಟಲಿಯ ರಸ್ತೆ ಯಾವ ಲೆಕ್ಕ? ಮೋಟಾರುಗಳಿಗೆಂದೇ ಹೆದ್ದಾರಿ ಕಟ್ಟುವುದನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವರಲ್ಲಿ ಇಟಲಿಯವರೂ ಸೇರಿದವರು; ಮಿಲಾನಿನಿಂದ ಸರೋವರಗಳ ಕಡೆಗೆ ಅಂಥ ದಾರಿ 1924ರಲ್ಲೇ ತೆರೆದಿತ್ತು. ಮಿಲಾನಿನಿಂದ ನೇಪಲ್ಸಿನವರೆಗಿನ ‘ಸೂರ್ಯನ ಹೆದ್ದಾರಿ’ಯನ್ನು 1956ರಲ್ಲಿ ಆರಂಭಿಸಿ 1964ರಲ್ಲಿ ಮುಗಿಸಿದರು. ಹೊಗುವಲ್ಲಿ ಒಂದು ಚೀಟಿ ತೆಗೆದುಕೊಳ್ಳುವುದು, ಹೊರಬರುವಲ್ಲಿ ಕ್ರಮಿಸಿದ ದೂರಕ್ಕೆ ತಕ್ಕ ಸುಂಕ ಕೊಡುವುದು, ಅಷ್ಟೇ.

ಅದಕ್ಕೂ ಮಿಗಿಲಾದುದು ಟಸ್ಕನಿಯ ಹಳ್ಳಿಗಾಡು. ಹಳೆಯ ಗೋಪುರಗಳಲ್ಲಿ ಹದಿನಾಲ್ಕು ಇನ್ನೂ ನಿಂತಿರುವ ಸಾನ್ ಜಿಮಿನ್ಯಾನೊ ಎಂಬ ಗುಡ್ಡದೂರಿಗೆ ರೈಲು ನಿಲ್ದಾಣವೇ ಇಲ್ಲ. ಪೊಜ್ಜಿಬೋನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಪೋಪ್ ಎರಡನೆಯ ಪಿಯುಸ್ ತನ್ನ ಹುಟ್ಟೂರನ್ನು ಹದಿನೈದನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿಸಿ ತನ್ನ ಹೆಸರನ್ನೇ ಇಟ್ಟ ಪಿಯೆಂತ್ಸ, ಅದರ ಸುತ್ತಲಿನ ಸೈಪ್ರೆಸ್ ಮರಗಳ ಸಾಲುದಾರಿಗಳು, ಇವೆಲ್ಲ ರೈಲಿನ ಕಿಟಕಿಗೆ ಎಲ್ಲಿ ಸಿಕ್ಕಾವು? “ರೈಲು ತನಗೆ ಬೇಕಾದಲ್ಲಿ ನಿಲ್ಲುತ್ತದೆ, ಕಾರು ನಮಗೆ ಬೇಕಾದಲ್ಲಿ ನಿಲ್ಲುತ್ತದೆ” ಎಂದು ರಾಯರು ತಮ್ಮ ಮಂಡನೆಯನ್ನು ಮುಗಿಸುತ್ತಿದ್ದರು.

ಪ್ರತಿವಾದಿಯೂ ಸುಮ್ಮನೆ ಕುಳಿತವರಲ್ಲ. ಮಗಳಿಂದ ಹೇಳಿಸಿಕೊಂಡು, ತಾವೂ ಓದಿ, ಒಂದು ನೋಟುಪುಸ್ತಕದ ತುಂಬ ಬರೆದಿಟ್ಟಿದ್ದರು. ಇಟಲಿಯಲ್ಲಿ ರೈಲು ಮೊದಲು ಓಡಿದುದು 1839ರಲ್ಲಿ, ನೇಪಲ್ಸಿನಿಂದ ಪೋರ್ತಿಚಿಗೆ. ಈಗ ಗಂಟೆಗೆ 300 ಕಿಲೋಮೀಟರು ಓಡುವ ರೈಲುಗಳಿವೆ. ರೋಮಿನಿಂದ ಫ್ಲಾರೆನ್ಸಿಗೆ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್ಸಿಗೆ ಎರಡು ಗಂಟೆಯ ಸುಮಾರು. ಈ ವೇಗದ ರೈಲುಗಳ ಟಿಕೆಟನ್ನು ಮುಂಚಿತವಾಗಿ ಕೊಂಡರೆ ಅಗ್ಗ, ದಿನ ಹತ್ತಿರವಾದಂತೆ ದುಬಾರಿ. ಊರೂರಿಗೆ ನಿಲ್ಲುವ ಪ್ರಾದೇಶಿಕ ರೈಲುಗಳಿಗಾದರೋ ಎಂದು ಕೊಂಡರೂ ಅದೇ ದರ; ಆದರೆ ಕಾಗದದ ಟಿಕೆಟನ್ನು ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಮರೆತರೆ ದಂಡ. ವೆನಿಸ್ಸಿಗೆ ರೈಲು ಸೇತುವೆಯಾದದ್ದು 1846ರಲ್ಲಿ, ಮೋಟಾರು ಸೇತುವೆಯಾದದ್ದು 1933ರಲ್ಲಿ. ಆ ಸೇತುವೆ ದಾಟಿದ ಕಾರೂ ಊರ ಬಾಗಿಲಲ್ಲೇ ನಿಲ್ಲಬೇಕು. ರೈಲಿನವರೋ, ನಿಲ್ದಾಣದ ಮೆಟ್ಟಿಲಿಳಿದರೆ ಕಣ್ಣೆದುರಿಗೇ ದೊಡ್ಡ ಕಾಲುವೆ.

“ಕಾರಿನ ಕಥೆ ಕೇಳಿ” ಎಂದು ಆಕೆ ಪುಟ ತಿರುವುವರು. ಹಳೆಯ ಪಟ್ಟಣಗಳ ನಡುಭಾಗದಲ್ಲಿ ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲದ ವಲಯಗಳಿವೆ. ತಡೆಯುವುದಕ್ಕೆ ಅಲ್ಲಿ ಪೊಲೀಸಿನವನು ಇರುವುದಿಲ್ಲ. ಕ್ಯಾಮರಾ ಮಾತ್ರ ಇರುತ್ತದೆ. ಒಂದೇ ಬೀದಿಯನ್ನು ತಪ್ಪಿ ಎರಡು ಸಲ ಹೊಕ್ಕರೆ ಎರಡು ದಂಡ. ಊರಿಗೆ ಹಿಂದಿರುಗಿ, ಪ್ರವಾಸದ ಚಿತ್ರಗಳನ್ನು ನೆಂಟರಿಗೆಲ್ಲ ತೋರಿಸಿ ಮುಗಿದ ಮೇಲೆ, ತಿಂಗಳುಗಳ ತರುವಾಯ ನೋಟೀಸು ಬರುತ್ತದೆ. ಬಾಡಿಗೆಗೆ ಕೊಟ್ಟವರ ಶುಲ್ಕ ಅದರ ಮೇಲೆ ಬೇರೆ. ಅಲ್ಲಿ ವಾಹನಗಳು ನಡೆಯುವುದು ರಸ್ತೆಯ ಬಲಗಡೆ. ಚಾಲಕನು ಕೂರುವುದು ಎಡಗಡೆ. ಗೇರು ಹಾಕಬೇಕಾದದ್ದು ಬಲಗೈಯಲ್ಲಿ.

“ಎಲ್ಲವೂ ಇರಲಿ. ನೀವು ರಸ್ತೆ ನೋಡುತ್ತೀರಿ, ನಾನು ನಕ್ಷೆ ನೋಡುತ್ತೇನೆ. ಇಟಲಿಯನ್ನು ನೋಡುವವರು ಯಾರು?”

ಇದಕ್ಕೆ ಉತ್ತರ ತೋಚದಾಗ ರಾಯರು ಅಲ್ಲಿಯ ಮುಷ್ಕರಗಳನ್ನು ನೆನಪಿಸುತ್ತಿದ್ದರು. ರೈಲು ನೌಕರರು ಮುಷ್ಕರ ಹೂಡಿದರೆ ಗತಿಯೇನು? ಕೆಲಸದ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಗಂಟೆಯವರೆಗೆ ಅತ್ಯವಶ್ಯಕ ರೈಲುಗಳು ಓಡಲೇಬೇಕೆಂಬ ನಿಯಮವನ್ನು ಆಕೆ ಆಗಲೇ ಬರೆದುಕೊಂಡಿದ್ದರು. “ಪೆಟ್ಟಿಗೆ ಹೊರುವವರು ಯಾರು? ಮೆಟ್ಟಿಲು ಹತ್ತಿ ಇಳಿಯುವವರು ಯಾರು?” ಎಂಬುದು ರಾಯರ ಕಡೆಯ ಬಾಣ. “ನಾನು ಹತ್ತುತ್ತೇನೆ” ಎಂದು ಹೇಳಿ ಆಕೆ ದೀಪವಾರಿಸುತ್ತಿದ್ದರು.

ಹೀಗೆ ವ್ಯಾಜ್ಯ ಮುಂದುವರಿಯುತ್ತಿರಲು, ವೀಸಾದ ಕಾಗದಗಳನ್ನು ತುಂಬುವ ಕಾಲ ಬಂದಿತು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯಿಲ್ಲದೆ ಆ ವೀಸಾ ದೊರೆಯುವುದಿಲ್ಲ. ವಿಮೆಯ ನಮೂನೆಯಲ್ಲೊಂದು ಅಂಕಣ: ಈಗಾಗಲೇ ಇರುವ ಕಾಯಿಲೆಗಳು. ಗಂಡನ ಆಸ್ಪತ್ರೆಯ ಕಾಗದಗಳನ್ನು ಹೆಂಡತಿಯೂ, ಹೆಂಡತಿಯವನ್ನು ಗಂಡನೂ ಜೋಪಾನವಾಗಿಡುವುದು ಆ ಮನೆಯ ಪದ್ಧತಿ. ಆದ್ದರಿಂದ ಅವರ ನಮೂನೆಯನ್ನು ಆಕೆ, ಆಕೆಯದನ್ನು ಅವರು ತುಂಬಿ, ಸಹಿಗಾಗಿ ಅದಲುಬದಲು ಮಾಡಿಕೊಂಡರು.

ರಾಯರು ಕನ್ನಡಕ ಏರಿಸಿ ಓದಿದರು: ‘ಎರಡೂ ಕಣ್ಣುಗಳಲ್ಲಿ ಪೊರೆ, ಆರಂಭದ ಹಂತ. ರಾತ್ರಿ ಎದುರಿನ ದೀಪಗಳ ಸುತ್ತ ಪ್ರಭೆ ಕಾಣುತ್ತದೆ.’ ಪೊರೆಯ ಸಂಗತಿ ವೈದ್ಯರ ಚೀಟಿಯಲ್ಲಿತ್ತು. ಪ್ರಭೆಯ ಸಂಗತಿಯನ್ನು ರಾಯರು ವೈದ್ಯರಿಗೂ ಹೇಳಿರಲಿಲ್ಲ. ಹಿಂದಿನ ವರ್ಷ ತುಮಕೂರಿನ ಮದುವೆಯಿಂದ ರಾತ್ರಿ ಹಿಂದಿರುಗದೆ, ‘ನೆಂಟರು ಬಿಡಲಿಲ್ಲ’ವೆಂದು ಅಲ್ಲೇ ತಂಗಿದಾಗ, ಬಿಡದಿದ್ದವರು ನೆಂಟರಲ್ಲವೆಂಬುದು ಒಬ್ಬರಿಗೆ ಮಾತ್ರ ತಿಳಿದಿತ್ತು.

ಆಕೆಯೂ ತಮ್ಮ ಹಾಳೆಯನ್ನು ಓದಿದರು: ‘ಎರಡೂ ಮಂಡಿಗಳ ಸವೆತ. ಮೆಟ್ಟಿಲು ಇಳಿಯುವಾಗ ನೋವು ಹೆಚ್ಚು.’ ಇಳಿಯುವಾಗಿನ ನೋವನ್ನು ಆಕೆ ಯಾರ ಬಳಿಯೂ ಆಡಿದವರಲ್ಲ. ಬೆಟ್ಟದ ಮೇಲಿನ ದೇವಸ್ಥಾನಗಳಿಗೆ ಹೋದಾಗಲೆಲ್ಲ, “ನೀವು ಹೋಗಿಬನ್ನಿ, ನಾನು ಚಪ್ಪಲಿ ಕಾಯುತ್ತೇನೆ” ಎಂದು ಕೆಳಗೇ ನಿಂತುಬಿಡುತ್ತಿದ್ದರು. ಆ ಚಪ್ಪಲಿಗಳನ್ನು ಯಾರೂ ಕದಿಯುವಂತಿರಲಿಲ್ಲವೆಂಬುದು ರಾಯರಿಗೆ ತಿಳಿದಿತ್ತು.

ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಮೂರು ತಿಂಗಳು ಕಾರಿಗಾಗಿ ವಾದಿಸಿದವರು ವಾದಿಸಿದುದು ಹೆಂಡತಿಯ ಮಂಡಿಗಳ ಪರವಾಗಿ. ರೈಲಿಗಾಗಿ ವಾದಿಸಿದವರು ವಾದಿಸಿದುದು ಗಂಡನ ಕಣ್ಣುಗಳ ಪರವಾಗಿ. ಗೋಪುರಗಳೂ ಸೇತುವೆಗಳೂ ಸಾಕ್ಷಿಗೆ ಬಂದಿದ್ದುವು, ಅಷ್ಟೆ. ವಯಸ್ಸಾಗುತ್ತಿರುವುದನ್ನು ತನ್ನ ವಿಷಯದಲ್ಲಿ ಒಪ್ಪಿಕೊಳ್ಳಲು ಮನುಷ್ಯನಿಗೆ ಅಭಿಮಾನ ಅಡ್ಡಬರುತ್ತದೆ. ಪ್ರೀತಿಸಿದವರ ವಿಷಯದಲ್ಲಿ ಒಪ್ಪಿಕೊಳ್ಳಲು ಭಯ ಅಡ್ಡಬರುತ್ತದೆ. ಆದುದರಿಂದಲೇ ಸಂಸಾರದಲ್ಲಿ ಎಷ್ಟೋ ಜಗಳಗಳು ತಮ್ಮ ನಿಜವಾದ ಹೆಸರನ್ನು ಮರೆಸಿಕೊಂಡು ನಡೆಯುತ್ತವೆ.

ಮೊದಲು ಸಹಿ ಹಾಕಿದವರು ರಾಯರು. “ಸಂಜೆಯ ಮೇಲೆ ಕಾರು ಮುಟ್ಟುವುದಿಲ್ಲ” ಎಂದರು.

“ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟರ ಮೇಲೆ” ಎಂದರು ಆಕೆ. ಅದನ್ನೂ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಎದುರಾಳಿಗೆ ಅನುಕೂಲವಾದೀತೆಂದು ಅಲ್ಲಿಯವರೆಗೆ ಓದಿ ಹೇಳಿರಲಿಲ್ಲ.

ಆ ರಾತ್ರಿಯೇ ಯೋಜನೆ ಸಿದ್ಧವಾಯಿತು. ರೋಮ್, ಫ್ಲಾರೆನ್ಸ್, ವೆನಿಸ್ ಮೂರಕ್ಕೂ ರೈಲು. ನಿಲ್ದಾಣದಿಂದ ದೂರವಲ್ಲದ, ಲಿಫ್ಟ್ ಇರುವ ವಸತಿಗಳು. ಇಬ್ಬರಿಗೂ ಸೇರಿ ಒಂದೇ ಪೆಟ್ಟಿಗೆ, ಅದೂ ರಾಯರು ಒಂದು ಕೈಯಲ್ಲಿ ಎತ್ತಬಲ್ಲಷ್ಟು. ನಡುವೆ ಮೂರು ದಿನ ಮಾತ್ರ ಟಸ್ಕನಿಗೆ ಕಾರು. ಅದನ್ನು ಊರ ನಡುವೆ ಪಡೆಯದೆ ಫ್ಲಾರೆನ್ಸಿನ ವಿಮಾನ ನಿಲ್ದಾಣದ ಬಳಿ ಪಡೆದು, ಅಲ್ಲಿಯೇ ಒಪ್ಪಿಸುವುದು. ಬಾಡಿಗೆ ಹೆಚ್ಚಾದರೂ ಗೇರು ತಾನಾಗಿ ಬದಲಾಗುವ ಕಾರೇ ಬೇಕು. ಕೋಟೆಯೂರುಗಳಲ್ಲಿ ಗೋಡೆಯ ಹೊರಗೇ ಕಾರು ನಿಲ್ಲಿಸುವುದು. ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯುವುದನ್ನೂ, ಠೇವಣಿಗಾಗಿ ಚಾಲಕನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡು ಇರಬೇಕೆಂಬುದನ್ನೂ ರಾಯರು ಕೆಂಪು ಶಾಯಿಯಲ್ಲಿ ಬರೆದುಕೊಂಡರು.

ಉಳಿದದ್ದು ಅರಾಚೇಲಿ. ರೋಮಿನ ಬೆಟ್ಟವೊಂದರ ಮೇಲಿರುವ ಆ ಚರ್ಚಿಗೆ ನೇರವಾಗಿ ಹತ್ತಿದರೆ 124 ಮೆಟ್ಟಿಲು. ಆಕೆ ಆ ಸಂಖ್ಯೆಯನ್ನು ಬರೆದು, ಅದರ ಮುಂದೆ ಏನನ್ನೂ ಬರೆಯದೆ ಬಿಟ್ಟಿದ್ದರು. ರಾಯರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಆ ಖಾಲಿ ಜಾಗದಲ್ಲಿ ಬರೆದರು: ‘ಪಕ್ಕದಲ್ಲೇ ಮೈಕೆಲೇಂಜಲೊ ಯೋಜಿಸಿದ ಇಳಿಜಾರು ದಾರಿಯಿದೆ. ನಿಧಾನವಾಗಿ ಹತ್ತಿದರೆ ಮೇಲಿನ ಚೌಕ. ಅಲ್ಲಿಂದ ಚರ್ಚಿನ ಪಕ್ಕದ ಬಾಗಿಲಿಗೆ ಮೆಟ್ಟಿಲು ಕಡಮೆ.’

ಆಕೆ ಅದನ್ನು ಓದಿ, ಅಭ್ಯಾಸದಂತೆ, “ನೀವು ಹೋಗಿಬನ್ನಿ, ನಾನು...” ಎಂದು ಆರಂಭಿಸಿದರು.

“ಅಲ್ಲಿ ಚಪ್ಪಲಿ ಬಿಡುವ ಪದ್ಧತಿಯಿಲ್ಲ ಕಣೇ” ಎಂದರು ರಾಯರು. “ಕಾಯುವವರು ಬೇಕಿಲ್ಲ. ನೀನೂ ಬರಬೇಕು.”