ಎರಡು ಬೆರಳು ಹೆಚ್ಚಿಗೆ

"ಎರಡು ಬೆರಳು ಹೆಚ್ಚಿಗೆ ಬಿಡಣ್ಣಾ, ಬೆಳಿಯೋ ಹುಡುಗ ಐತಿ."

ಜೂನ್ ಮೊದಲ ವಾರದಲ್ಲಿ ಮೆಟ್ರಿಯ ನಮ್ಮ ಮನೆ ಕಟ್ಟೆಯ ಮೇಲೆ ಈ ಮಾತು ದಿನಕ್ಕೆ ಹತ್ತು ಸಲವಾದರೂ ಕೇಳುತ್ತಿತ್ತು. ಅಪ್ಪ ಟೈಲರ್. ಹೊಲಿಗೆ ಮಿಷಿನ್ನು ಪಡಸಾಲೆಯಲ್ಲಿ, ಬಾಗಿಲಿನ ಬೆಳಕು ಸೂಜಿಯ ಮೇಲೆ ಬೀಳುವ ಜಾಗದಲ್ಲಿ ಇರುತ್ತಿತ್ತು. ಉಗಾದಿಗೆ ಮತ್ತು ಮದುವೆ ತಿಂಗಳಲ್ಲಿ ಅದಕ್ಕೆ ಕೆಲಸ ಜಾಸ್ತಿ, ನಿಜ. ಆದರೆ ಇಡೀ ಊರು, ಜಾತಿ ಓಣಿ ಎನ್ನದೆ, ಒಂದೇ ವಾರದಲ್ಲಿ ಒಂದೇ ಬಣ್ಣದ ಬಟ್ಟೆ ಹಿಡಿದು ಬರುತ್ತಿದ್ದದ್ದು ಸಾಲಿ ಶುರುವಾಗುವಾಗ ಮಾತ್ರ.

ತಾಯಂದಿರು ಹೇಳುತ್ತಿದ್ದ ಆ ಎರಡು ಬೆರಳನ್ನು ಅಪ್ಪ ಬಹಳ ನಿಗಾ ಮಾಡಿ ಬಿಡುತ್ತಿದ್ದರು. ಮೊದಲು ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಒಣಗಿಸಿ ತರಬೇಕು. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗಿ, ಬಿಟ್ಟ ಎರಡು ಬೆರಳು ಅಲ್ಲಿಗೇ ಮುಗಿಯಿತು. ಪ್ಯಾಂಟಿನ ಕಾಲಿಗೆ ಒಳಗಡೆ ಎರಡು ಮಡಿಕೆ, ಲಂಗಕ್ಕೆ ಕೆಳಗೆ ಅಗಲವಾದ ಪಟ್ಟಿ, ಅಂಗಿಯ ಪಕ್ಕದ ಹೊಲಿಗೆಯಲ್ಲಿ ಅರ್ಧ ಇಂಚು. ಮಡಿಕೆಯನ್ನು ಮಿಷಿನ್ನಿಗೆ ಹಾಕುತ್ತಿರಲಿಲ್ಲ, ಕೈಹೊಲಿಗೆ ಹಾಕುತ್ತಿದ್ದರು. ಮುಂದಿನ ವರ್ಷ ಬ್ಲೇಡಿನಿಂದ ಬಿಚ್ಚುವಾಗ ಬಟ್ಟೆ ಹರಿಯಬಾರದಲ್ಲ.

ಬಿಚ್ಚಿದಾಗ ಒಂದು ತೊಂದರೆ ಕಾಣುತ್ತಿತ್ತು. ವರ್ಷವೆಲ್ಲ ಬಿಸಿಲು ತಿಂದ ನೀಲಿ ಬೆಳ್ಳಗಾಗಿರುತ್ತಿತ್ತು, ಮಡಿಕೆಯೊಳಗೆ ಅಡಗಿದ್ದ ನೀಲಿ ಅಂಗಡಿಯಿಂದ ತಂದ ದಿನದಷ್ಟೇ ಗಾಢವಾಗಿರುತ್ತಿತ್ತು. ನಮ್ಮ ಕಡೆಯ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. ಇಳಿಸಿದ ಲಂಗದ ಅಂಚಿನಲ್ಲಿ ಆ ಗಾಢ ಪಟ್ಟಿ ಎದ್ದು ಕಾಣುತ್ತಿತ್ತು. ನೋಡಿದವರಿಗೆ ಇದು ಹೋದ ವರ್ಷದ ಬಟ್ಟೆ ಎಂದು ಗೊತ್ತಾಗುತ್ತಿತ್ತು. ಎರಡು ಸಲ ಇಳಿಸಿದ್ದರೆ ಎರಡು ಪಟ್ಟಿ. ಅಪ್ಪ ಅದರ ಮೇಲೆ ಅದೇ ನೀಲಿ ದಾರದಲ್ಲಿ ಹತ್ತಿರ ಹತ್ತಿರ ಮೂರು ಸಾಲು ಹೊಲಿಗೆ ಓಡಿಸುತ್ತಿದ್ದರು. ಗೆರೆ ಮುಚ್ಚುತ್ತಿರಲಿಲ್ಲ, ಆದರೆ ಬೇಕೆಂದೇ ಹಾಕಿದ ಡಿಜೈನಿನಂತೆ ಕಾಣುತ್ತಿತ್ತು. ಅದಕ್ಕೆ ಅವರು ಯಾರ ಹತ್ತಿರವೂ ದುಡ್ಡು ಕೇಳಿದ್ದನ್ನು ನಾನು ನೋಡಿಲ್ಲ.

ನನಗೆ ಆಗಲೇ ಒಂದು ವಿಷಯ ತಿಳಿಯಿತು. ಸಾಲಿಯಲ್ಲಿ ನೂರು ಸುದ್ದಿ ಇರುತ್ತವೆ. ಪರೀಕ್ಷೆಯ ತಾರೀಖು, ಪಾಲಕರ ಸಭೆ, ಹೊಸ ಮೇಷ್ಟ್ರು, ಆಟೋಟ. ಅವೆಲ್ಲ ಮನೆಯ ಹೊಸ್ತಿಲಿನ ತನಕ ಬಂದು ನಿಂತುಬಿಡಬಹುದು. ಸಮವಸ್ತ್ರದ ಸುದ್ದಿ ಹಾಗಲ್ಲ, ಅದು ಒಳಗೆ ಬಂದು ಅಡುಗೆಮನೆಯ ಡಬ್ಬಿಯಲ್ಲಿಟ್ಟ ದುಡ್ಡನ್ನು ಕೇಳುತ್ತದೆ. ಹಾಗಾಗಿ ಈ ಒಂದು ಸುದ್ದಿ ಯಾವಾಗ ಬಂತು, ಯಾರ ಬಾಯಲ್ಲಿ ಬಂತು, ಪೂರ್ತಿ ಬಂತೋ ಅರ್ಧ ಬಂತೋ ಎಂಬುದರ ಮೇಲೆ ಒಂದು ಮನೆಯ ಜೂನ್ ತಿಂಗಳು ನಿಂತಿರುತ್ತದೆ.

ಆಗಿನ ಹೆಡ್‌ಮಾಸ್ಟರು ಒಬ್ಬರು ಏಪ್ರಿಲ್‌ನಲ್ಲೇ, ಬೇಸಿಗೆ ರಜೆ ಬಿಡುವ ಮುಂಚೆ, ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಹೇಳಿ ಹೋಗುತ್ತಿದ್ದರು. "ಬಣ್ಣ ಹೋದ ವರ್ಷದ್ದೇ. ಜೇಬು ಒಂದು ಸಾಕು. ಶನಿವಾರ ಬಿಳಿ." ಇಷ್ಟೇ ಮಾತು. ಟೈಲರಿಗೆ ಗೊತ್ತಾದರೆ ಊರಿಗೆ ಗೊತ್ತಾದಂತೆ ಎಂಬುದು ಅವರ ಲೆಕ್ಕ. ಅಪ್ಪ ಗುಂಡಿ ಹಚ್ಚಿಸಲು ಬಂದವರಿಗೂ ಹರಿದ ಚೀಲ ಹೊಲಿಸಲು ಬಂದವರಿಗೂ ಅದನ್ನೇ ಹೇಳುತ್ತಿದ್ದರು. ಎರಡು ತಿಂಗಳು ಮೊದಲೇ ಗೊತ್ತಾದ ಖರ್ಚಿಗೆ ಕೂಲಿ ಮಾಡುವ ಮನೆಯೂ ವಾರಕ್ಕಿಷ್ಟು ಅಂತ ಎತ್ತಿಟ್ಟುಕೊಳ್ಳುತ್ತದೆ. ಅದೇ ಖರ್ಚು ಎರಡು ದಿನ ಮೊದಲು ಗೊತ್ತಾದರೆ ಸಾಲವಾಗುತ್ತದೆ.

ಆ ಹೆಡ್‌ಮಾಸ್ಟರು ತಮ್ಮ ತಿಳಿವಳಿಕೆಯಿಂದ ಮಾಡುತ್ತಿದ್ದುದು ಕಾನೂನಿನ ಪುಸ್ತಕದಲ್ಲೂ ಇದೆ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಕರ್ನಾಟಕ ಶಿಕ್ಷಣ ಕಾಯ್ದೆ 1983ರದು. ಅದರಡಿ 1995ರಲ್ಲಿ ಬಂದ ಪಠ್ಯಕ್ರಮ ನಿಯಮಗಳಲ್ಲಿ 11ನೆಯದು ಸಮವಸ್ತ್ರದ ಬಗ್ಗೆ. ಮಾನ್ಯತೆ ಪಡೆದ ಶಾಲೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತು ಮಾಡಬಹುದು. ಆದರೆ ಒಮ್ಮೆ ಗೊತ್ತು ಮಾಡಿದ ಮೇಲೆ 5 ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸಬೇಕೆಂದಿದ್ದರೆ ಕನಿಷ್ಠ 1 ವರ್ಷ ಮೊದಲೇ ಪಾಲಕರಿಗೆ ನೋಟಿಸು ಕೊಡಬೇಕು. ಓದಿದಾಗ ನನಗೆ ಅಪ್ಪನ ಎರಡು ಬೆರಳು ನೆನಪಾಯಿತು. ಮಗು ಬೆಳೆಯುತ್ತದೆ, ಬಟ್ಟೆಯೂ ಅದರ ಜೊತೆ ಎರಡು ಮೂರು ವರ್ಷ ಬಾಳಬೇಕು, ತಂಗಿಗೂ ತಮ್ಮನಿಗೂ ಇಳಿಯಬೇಕು ಎಂಬುದನ್ನು ಬಲ್ಲವರು ಬರೆದ ನಿಯಮ ಅದು.

2022ರಲ್ಲಿ ಹಿಜಾಬಿನ ವಿಷಯವಾಗಿ ಸಮವಸ್ತ್ರದ ಮಾತು ಉಡುಪಿಯಿಂದ ಎದ್ದು ರಾಜ್ಯವನ್ನೆಲ್ಲ ಕಲಕಿದಾಗ ಈ 11ನೇ ನಿಯಮದ ಹೆಸರೂ ಹೈಕೋರ್ಟಿನಲ್ಲಿ ಕೇಳಿಬಂತು. ಫೆಬ್ರುವರಿ 5ಕ್ಕೆ ಸರ್ಕಾರದ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಂದ ಎರಡು ಬೇರೆ ತೀರ್ಪು. ಆ ದಿನಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಒಂದು ಸಂಗತಿ. ನಾಳೆ ನನ್ನ ಮಗಳು ಏನು ಉಟ್ಟು ಹೋಗಬೇಕು ಎಂಬುದು ಎಷ್ಟೋ ತಾಯಂದಿರಿಗೆ ತಿಳಿದದ್ದು ಟಿವಿಯಿಂದ. ಶಾಲೆಯವರು ಮನೆಗೆ ಬಂದು ಹೇಳಿ, ಕೇಳಿ, ಕೂತು ಮಾತಾಡಬೇಕಾದ ವಿಷಯ ಅದು. ಹೆಣ್ಣುಮಕ್ಕಳ ಓದು ನಿಂತರೆ ಮತ್ತೆ ಹತ್ತಿಸುವುದು ಎಷ್ಟು ಕಷ್ಟ ಎಂದು ನಮ್ಮ ಹಳ್ಳಿಗಳನ್ನು ಬಲ್ಲ ಯಾರಿಗಾದರೂ ಗೊತ್ತು.

ನಾನೀಗ ಇರುವುದು ಹೊಸಪೇಟೆಯಲ್ಲಿ. ಮೂರು ವರ್ಷದ ಹಿಂದೆ ಮಗಳ ಶಾಲೆಯಿಂದ ಮೇ ತಿಂಗಳ ಕೊನೆಗೆ ಮೊಬೈಲಿಗೆ ಸಂದೇಶ ಬಂತು. ಸೋಮವಾರದಿಂದ ಹೊಸ ಚೌಕಳಿ ಅಂಗಿ, ಹೊಸ ಟೈ, ಇಂಥ ಅಂಗಡಿಯಲ್ಲೇ ತರಬೇಕು. ಹಳೆಯದನ್ನು ತಂದು ಒಂದೇ ವರ್ಷವಾಗಿತ್ತು, ಮಡಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ನಾನು ನಿಯಮವನ್ನು ಬರೆದು ಅಕ್ಕಪಕ್ಕದ ತಾಯಂದಿರಿಗೆ ತೋರಿಸಿದೆ. ಹನ್ನೊಂದು ಜನ ಸಹಿ ಮಾಡಿ ಪತ್ರ ಕೊಟ್ಟೆವು. ಜಗಳವೇನೂ ಆಗಲಿಲ್ಲ. ಆ ವರ್ಷ ಹಳೆಯದೂ ನಡೆಯುತ್ತದೆ ಎಂದು ಒಪ್ಪಿಕೊಂಡರು. ನನಗೆ ಸಮಾಧಾನವಾದರೂ ಒಂದು ನೋವು ಉಳಿಯಿತು. ಓದಲು ಬರೆಯಲು ಬಲ್ಲ ನಾವು ಹನ್ನೊಂದು ಜನ ಕೂಡಿದ್ದಕ್ಕೆ ಅದು ಆಯಿತು. ಕೂಡಲಾಗದವರು ಬಡ್ಡಿಗೆ ದುಡ್ಡು ತಂದು ಚೌಕಳಿ ಅಂಗಿ ತಂದಿರುತ್ತಾರೆ.

ಮೆಟ್ರಿಯ ಕಥೆ ಬೇರೆ. ಹಿಂದೆ ಹೊಸಪೇಟೆ ತಾಲ್ಲೂಕಿನಲ್ಲಿದ್ದ ನಮ್ಮೂರು ಈಗ ಕಂಪ್ಲಿ ತಾಲ್ಲೂಕು. ಹೊಸಪೇಟೆ ವಿಜಯನಗರ ಜಿಲ್ಲೆಯಾದರೂ ನಾವು ಬಳ್ಳಾರಿ ಜಿಲ್ಲೆಯಲ್ಲೇ ಉಳಿದೆವು. ಊರ ಮಕ್ಕಳು ಹೆಚ್ಚಿನವರು ಸರ್ಕಾರಿ ಶಾಲೆಯವರು. ವಿದ್ಯಾವಿಕಾಸ ಯೋಜನೆಯಲ್ಲಿ 1ರಿಂದ 10ನೇ ತರಗತಿಯವರೆಗೆ ಸಮವಸ್ತ್ರದ ಬಟ್ಟೆಯನ್ನು ಸರ್ಕಾರವೇ ಕೊಡುತ್ತದೆ. ಅದರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು ನೇಯ್ದದ್ದೂ ಇರುತ್ತದೆ. ಎಲ್ಲೋ ಒಂದು ಮಗ್ಗದ ಮನೆಗೆ ಈ ಮಕ್ಕಳ ಅಂಗಿಯೇ ವರ್ಷದ ಅನ್ನ ಎಂಬುದು ನನಗೆ ಖುಷಿಯ ವಿಷಯ. 2015-16ರಿಂದ ಬೂಟು, ಎರಡು ಜೊತೆ ಕಾಲುಚೀಲವೂ ಬರುತ್ತವೆ. ಹೈಸ್ಕೂಲಿನ ಹುಡುಗರಿಗೆ ಪ್ಯಾಂಟು, ಹುಡುಗಿಯರಿಗೆ ಚೂಡಿದಾರ್, ವೇಲು. ಬರಿಗಾಲಲ್ಲಿ ಹೋಗಿ ಬಂದು ಕಾಲು ಸುಟ್ಟುಕೊಂಡ ನಮ್ಮ ಕಾಲದವರಿಗೆ ಇದು ಸಣ್ಣ ಮಾತಲ್ಲ.

ಆದರೂ ಬಟ್ಟೆ ಬಂದ ಮಾತ್ರಕ್ಕೆ ಅಂಗಿಯಾಗುವುದಿಲ್ಲ. ಹೊಲಿಗೆಯ ಕೂಲಿ ಮನೆಯವರದು. ಒಂದೇ ಜೊತೆ ಇದ್ದರೆ ಮಳೆಗಾಲದಲ್ಲಿ ರಾತ್ರಿ ಒಗೆದದ್ದು ಬೆಳಗ್ಗೆ ಒದ್ದೆ. ಹೊಳೆಯ ಆಚೆ ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಬಾಲಕನ ಹೆಸರಿನಲ್ಲಿ ಇದೇ ವಿಷಯ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಮಕ್ಕಳಿಗೆ ಎರಡು ಜೊತೆ ಸಮವಸ್ತ್ರ, ಬೂಟು, ಕಾಲುಚೀಲ ಕೊಡಬೇಕೆಂದು 2019ರಲ್ಲಿ ಪೀಠ ಹೇಳಿತು. ಅದು ಸರಿಯಾಗಿ ಜಾರಿಯಾಗಲಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿ ಬಂದಾಗ 2023ರಲ್ಲಿ ನ್ಯಾಯಮೂರ್ತಿಗಳು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು. ನಮ್ಮ ತುಂಗಭದ್ರೆಯ ಆಚೆಯ ಒಬ್ಬ ಹುಡುಗ ಎರಡನೇ ಅಂಗಿಗಾಗಿ ಕೇಳಿದ ಪ್ರಶ್ನೆ ರಾಜ್ಯದ ಎಲ್ಲ ಮಕ್ಕಳ ಪ್ರಶ್ನೆಯಾಯಿತು. ಆ ಕಾಯ್ದೆ 6ರಿಂದ 14 ವರ್ಷದವರಿಗೆ. 9, 10ನೇ ತರಗತಿಗೆ ಬರುವ ಹೊತ್ತಿಗೆ ಮಗು ಅದರ ಆಸರೆಯಿಂದ ಹೊರಗೆ ಹೋಗಿರುತ್ತದೆ. ಬೆಳೆಯುವ ವೇಗ ಹೆಚ್ಚು, ನಾಚಿಕೆ ಹೆಚ್ಚು, ಸಾಲಿ ಬಿಡುವ ಭಯ ಹೆಚ್ಚು. ಎರಡನೇ ಜೊತೆ ನಿಜವಾಗಿ ಬೇಕಾದದ್ದು ಆ ವಯಸ್ಸಿಗೆ ಎಂದು ಟೈಲರ್ ಮಗಳಾಗಿ ನಾನು ಖಂಡಿತ ಹೇಳಬಲ್ಲೆ.

ಅಪ್ಪ ಹೋದ ಮೇಲೆ ಮಿಷಿನ್ನು ಅತ್ತಿಗೆಯ ಪಾಲಿಗೆ ಬಂತು. ಪೆಡಲ್ ತೆಗೆದು ಮೋಟರ್ ಹಾಕಿಸಿದ್ದಾಳೆ. ಹೋದ ವರ್ಷ ಜೂನ್‌ನ ಮೊದಲ ಭಾನುವಾರ ನಾನು ಊರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಕೂತು ಕಾಜಾ ಹಾಕಿಕೊಡುತ್ತಿದ್ದೆ. ಒಬ್ಬ ತಾಯಿ ಒಂಬತ್ತನೇ ತರಗತಿಯ ಮಗಳನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಚೂಡಿದಾರಿನ ಬಟ್ಟೆ. ಗಂಡ ಸಂಡೂರಿನ ಕಡೆ ಲಾರಿಗೆ ಹೋಗುತ್ತಾನೆ, ಮನೆಯ ದೊಡ್ಡ ಫೋನು ಅವನ ಹತ್ತಿರ. ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುವ ನಂಬರೂ ಅವನದೇ. ಅವನು ಶನಿವಾರ ರಾತ್ರಿ ಬಂದ ಮೇಲೆ ಸುದ್ದಿ ಮನೆಗೆ ಬಂದಿತ್ತು.

"ಏನೇನು ಹೇಳ್ಯಾರ, ಓದವ್ವ" ಎಂದಳು ತಾಯಿ.

ಹುಡುಗಿ ಫೋನು ಹಿಡಿದು ಓದಿದಳು. ಮೇಷ್ಟ್ರು ಕೈಯಲ್ಲಿ ಬರೆದ ಚೀಟಿಯ ಫೋಟೋ ಅದು. ಚೂಡಿದಾರ್ ಮಂಡಿ ಕೆಳಗೆ ಇರಬೇಕು. ವೇಲು ಎರಡೂ ಭುಜಕ್ಕೆ ಪಿನ್ ಹಾಕಬೇಕು. ಎರಡು ಜಡೆ, ಕರಿ ರಿಬ್ಬನ್. ಅಲ್ಲಿಗೆ ನಿಲ್ಲಿಸಿದಳು.

"ಅಷ್ಟೇ ಏನು?"

"ಅಷ್ಟೇ ಅವ್ವ."

ನಾನು ಪಕ್ಕದಲ್ಲೇ ಕೂತಿದ್ದೆ, ಚೀಟಿ ನನಗೂ ಕಾಣುತ್ತಿತ್ತು. ಇನ್ನೊಂದು ಸಾಲಿತ್ತು. ಶನಿವಾರಕ್ಕೆ ಬಿಳಿ ಚೂಡಿದಾರ್, ಬಿಳಿ ಕ್ಯಾನ್ವಾಸ್ ಬೂಟು. ಹುಡುಗಿ ನನ್ನ ಮುಖ ನೋಡಿದಳು. ಹೇಳಬೇಡ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಕಣ್ಣು ಹೇಳಿತು. ಬಿಳಿ ಬಟ್ಟೆ ಸರ್ಕಾರ ಕೊಡುವುದಿಲ್ಲ, ಅದು ಕೊಂಡುಕೊಳ್ಳಬೇಕಾದದ್ದು. ಡಬ್ಬಿಯಲ್ಲಿ ಎಷ್ಟಿದೆ ಎಂದು ಆ ಮಗುವಿಗೆ ಗೊತ್ತಿತ್ತು.

ಆ ಸಾಲು ಹೇಳದೇ ಉಳಿದಿದ್ದರೆ ಎಂಟು ಶನಿವಾರ, ಹತ್ತು ಶನಿವಾರ ಅವಳು ಏನು ಮಾಡುತ್ತಿದ್ದಳು? ಹೊಟ್ಟೆನೋವು ಅನ್ನುತ್ತಿದ್ದಳು. ಡ್ರಿಲ್ಲಿನ ಸಾಲಿನ ಹಿಂದೆ ನಿಲ್ಲುತ್ತಿದ್ದಳು. ಶಿಕ್ಷೆ ಬಂದರೆ ನುಂಗಿಕೊಳ್ಳುತ್ತಿದ್ದಳು. ಆಮೇಲೆ ಒಂದು ದಿನ ಶನಿವಾರ ಸಾಲಿ ತಪ್ಪಿಸುವುದು ರೂಢಿಯಾಗುತ್ತಿತ್ತು. ಮೇಷ್ಟ್ರಿಗೆ ಕಾಣುವುದು ಗೈರುಹಾಜರಿ. ತಾಯಿಗೆ ಕಾಣುವುದು ಮಗಳ ಹೊಟ್ಟೆನೋವು. ನಡುವಿನ ಆ ಒಂದು ಸಾಲು ಮಗುವಿನ ಒಳಗೇ ಕೂತಿರುತ್ತಿತ್ತು. ನಮ್ಮ ಸುತ್ತಲಿನ ತಾಂಡಾಗಳಲ್ಲಿ ತಾಯಿ ತಂದೆ ಕಬ್ಬು ಕಡಿಯಲು ಮಂಡ್ಯಕ್ಕೋ ಮಹಾರಾಷ್ಟ್ರಕ್ಕೋ ಹೋಗಿ, ಮಗು ಅಜ್ಜಿಯ ಹತ್ತಿರ ಉಳಿದಿರುತ್ತದೆ. ಅಲ್ಲಿ ಇಂಥ ಸಾಲುಗಳು ಇನ್ನೆಷ್ಟು ಉಳಿದಿವೆಯೋ. ಸಾಲಿಯವರು ಚೀಟಿ ಕಳಿಸಿದರು, ಗುಂಪಿನಲ್ಲಿ ಹಾಕಿದರು, ಅವರ ತಪ್ಪೆಂದು ನಾನು ಹೇಳಲಾರೆ. ಆದರೆ ದುಡ್ಡು ಕೇಳುವ ಸುದ್ದಿಯನ್ನು ಮಗುವಿನ ತಲೆಯ ಮೇಲೆ ಹೊರಿಸಿ ಕಳಿಸಬಾರದು. ಅದನ್ನು ದೊಡ್ಡವರು ದೊಡ್ಡವರಿಗೆ, ಬಾಯಿಬಿಟ್ಟು, ಮೊದಲೇ ಹೇಳಬೇಕು.

ನಾನು ಸುಮ್ಮನಿರಬೇಕೋ ಹೇಳಬೇಕೋ ತಿಳಿಯದೆ ಸೂಜಿಗೆ ದಾರ ಪೋಣಿಸುತ್ತಾ ಕೂತೆ. ಅತ್ತಿಗೆಗೆ ಮಾತ್ರ ಸಂಶಯ ಬಂತು. ಬೆಳಗಿನಿಂದ ಅದೇ ತರಗತಿಯ ಮೂರು ಹುಡುಗಿಯರ ಅಳತೆ ತಗೊಂಡಿದ್ದಳಲ್ಲ.

"ಶನಿವಾರದ್ದು ಹೇಳಿಲ್ಲೇನು ಅಕ್ಕಾ? ಬಿಳೇದು?" ಎಂದು ಕೇಳಿಯೇಬಿಟ್ಟಳು.

ತಾಯಿ ಮಗಳ ಕಡೆ ತಿರುಗಿದಳು. ಬೈಯಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಮುಚ್ಚಿಡಾಕ ಏನೈತವ್ವ ಅದರಾಗ" ಎಂದಷ್ಟೇ ಅಂದಳು. ಹುಡುಗಿ ತಲೆ ತಗ್ಗಿಸಿದಳು. ಅತ್ತಿಗೆ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಬಿಳಿ ಚೂಡಿದಾರ್ ತಂದಳು, ಹತ್ತನೇದು ಮುಗಿಸಿ ಕಂಪ್ಲಿಯ ಕಾಲೇಜಿಗೆ ಹೋಗುತ್ತಿರುವ ನಮ್ಮ ಹುಡುಗಿಯದು. ಮೈಗೆ ಹಿಡಿದು ನೋಡಿದಳು. ಭುಜ ಸರಿಯಿತ್ತು. ಉದ್ದ ಸಾಲದು. ಅಂಚನ್ನು ತಿರುಗಿಸಿದಳು. ಒಳಗೆ ಅಪ್ಪ ಕಲಿಸಿಕೊಟ್ಟ ಕೈಹೊಲಿಗೆ, ಎರಡು ಬೆರಳಿನ ಮಡಿಕೆ ಇನ್ನೂ ಬಿಚ್ಚದೆ ಇತ್ತು.

"ಬೂಟು ಮುಂದಿನ ತಿಂಗಳು ತರ್ತೀನಿ ಅಂತ ಮೇಷ್ಟ್ರಿಗೆ ನಾನಾ ಹೇಳಿ ಬರ್ತೀನಿ. ನಾಳೆ ಪ್ರಾರ್ಥನಾ ಹೊತ್ತಿಗೆ ಹೋಗ್ತೀನಿ" ಎಂದಳು ತಾಯಿ. ಹುಡುಗಿಯ ಕೈಯಿಂದ ಫೋನು ತಗೊಂಡು ಅತ್ತಿಗೆಯ ಕೈಗೆ ಕೊಟ್ಟಳು. "ನೀನು ಒಂದ್ಸಲ ಪೂರ್ತಿ ಓದವ್ವ, ಕೇಳ್ತೀನಿ."

ಅತ್ತಿಗೆ ಬ್ಲೇಡು ಕೆಳಗಿಟ್ಟು ಓದಿದಳು. ತಾಯಿ ಒಂದೊಂದಕ್ಕೆ ಒಂದೊಂದು ಬೆರಳು ಮಡಿಚುತ್ತಾ ಹೋದಳು. ಬಿಳಿ ಬೂಟಿನ ಹತ್ತಿರ ಬಂದಾಗ ಕಿರುಬೆರಳನ್ನು ಮಡಿಚಿ, ಅದನ್ನು ಹಾಗೇ ಹಿಡಿದುಕೊಂಡು ಕಟ್ಟೆ ಇಳಿದಳು.